"ಅಕ್ಕಾ, ನನಗೆ ರೆಸಿಡೆನ್ಸಿ ಸಿಗುತ್ತಾ?": ಅಮೆರಿಕದಲ್ಲಿ ಫಾರ್ಮ್‌ಡಿ ಓದುತ್ತಿರುವವರಿಗೆ ಸಮಗ್ರ ಮಾರ್ಗದರ್ಶಿ

ಅಕ್ಟೋಬರ್ ಬಂತೆಂದರೆ ನನ್ನ ಫೋನಿಗೆ ಇಂಥ ಮೆಸೇಜ್‌ಗಳು ಬರಲು ಶುರುವಾಗುತ್ತವೆ. "ಅಕ್ಕಾ, ನನ್ನ ಜಿಪಿಎ 4ಕ್ಕೆ 3.2. ನನಗೆ ಚಾನ್ಸ್ ಎಷ್ಟಿದೆ?" ಕೇಳುವವರಲ್ಲಿ ಕೆಲವರು ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳು. ಇನ್ನು ಕೆಲವರು ಮೈಸೂರು, ಮಂಗಳೂರು, ಬೆಂಗಳೂರಿನಲ್ಲಿ ಫಾರ್ಮಸಿ ಓದಿ ಇಲ್ಲಿಗೆ ಬಂದವರು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುವುದಕ್ಕಿಂತ ಗೊತ್ತಿರುವುದನ್ನೆಲ್ಲಾ ಒಂದೇ ಕಡೆ ಇಡೋಣ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಎರಡು ಮಾತು. ಊರಲ್ಲಿ ಬಿ.ಫಾರ್ಮ್ ಮುಗಿಸಿದೆ, ಮದುವೆಯಾಗಿ ಅಮೆರಿಕಕ್ಕೆ ಬಂದೆ, ಇಲ್ಲಿ ಮತ್ತೆ ಮೊದಲಿನಿಂದ ಫಾರ್ಮ್‌ಡಿ (ಇಲ್ಲಿ ಫಾರ್ಮಸಿಸ್ಟ್ ಆಗಲು ಬೇಕಾದ ಪದವಿ) ಓದಿದೆ. ರೆಸಿಡೆನ್ಸಿ ಸೀಟು ಹಂಚುವ ಮ್ಯಾಚ್‌ನ ಮೊದಲ ಹಂತದಲ್ಲಿ ನನಗೆ ಎಲ್ಲೂ ಸಿಗಲಿಲ್ಲ. ಎರಡನೇ ಹಂತದಲ್ಲಿ ಸಿಕ್ಕಿತು. ಈಗ ಆಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿದ್ದೇನೆ, ಪ್ರತಿ ಜನವರಿಯಲ್ಲಿ ಅರ್ಜಿಗಳನ್ನು ಓದುವ ಗುಂಪಿನಲ್ಲಿ ನಾನೂ ಒಬ್ಬಳು. ಮೇಜಿನ ಎರಡೂ ಕಡೆ ಕೂತು ನೋಡಿದ ಮೇಲೆ ನನಗೆ ಒಂದು ವಿಷಯ ಖಚಿತವಾಗಿದೆ. ಒಂದು ಮಟ್ಟ ದಾಟಿದ ಮೇಲೆ ಅಂಕ ನಿಮ್ಮನ್ನು ಮುಂದೆ ತಳ್ಳುವುದಿಲ್ಲ. ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿದವರು ನಿಮ್ಮ ಬಗ್ಗೆ ಏನು ಬರೆಯುತ್ತಾರೋ ಅದು ತಳ್ಳುತ್ತದೆ.

ಮೊದಲು, ಇದು ನಿಮಗೆ ಬೇಕಾ?

ರೆಸಿಡೆನ್ಸಿ ಅಂದರೆ ಫಾರ್ಮ್‌ಡಿ ಮುಗಿದ ಮೇಲೆ ಮಾಡುವ ಒಂದು ವರ್ಷದ ತರಬೇತಿ. ಮೊದಲ ವರ್ಷದ್ದಕ್ಕೆ ಪಿಜಿವೈ1 ಅಂತಾರೆ. ಅದಾದ ಮೇಲೆ ಬೇಕಿದ್ದರೆ ಇನ್ನೊಂದು ವರ್ಷ, ಪಿಜಿವೈ2. ಅದರಲ್ಲಿ ಕ್ಯಾನ್ಸರ್, ಐಸಿಯು, ಸೋಂಕು ರೋಗ, ಮಕ್ಕಳ ವಿಭಾಗ, ಮನೋರೋಗ, ಅಂಗ ಕಸಿ ಹೀಗೆ ಒಂದೇ ವಿಷಯದಲ್ಲಿ ಪಳಗುತ್ತೀರಿ. ವೈದ್ಯರಿಗೆ ರೆಸಿಡೆನ್ಸಿ ಕಡ್ಡಾಯ, ನಮಗೆ ಅಲ್ಲ. ನ್ಯಾಪ್ಲೆಕ್ಸ್ ಪರೀಕ್ಷೆ ಮತ್ತು ಹೆಚ್ಚಿನ ರಾಜ್ಯಗಳಲ್ಲಿ ಅಲ್ಲಿನ ಕಾನೂನು ಪರೀಕ್ಷೆ ಪಾಸಾದರೆ ಲೈಸೆನ್ಸ್ ಸಿಗುತ್ತದೆ, ಮೆಡಿಕಲ್ ಸ್ಟೋರ್‌ನಲ್ಲಿ ಮರುದಿನವೇ ಕೆಲಸ ಶುರು ಮಾಡಬಹುದು. ಸಿವಿಎಸ್, ವಾಲ್‌ಗ್ರೀನ್ಸ್ ಅಂಥ ಕಡೆ ಯಾರೂ ರೆಸಿಡೆನ್ಸಿ ಕೇಳುವುದಿಲ್ಲ. ಔಷಧ ಕಂಪನಿಗೆ ಹೋಗುವ ಆಸೆ ಇದ್ದವರ ದಾರಿಯೇ ಬೇರೆ. ಅದಕ್ಕೆ ಫೆಲೋಶಿಪ್ ಇದೆ, ರಟ್ಗರ್ಸ್ ವಿಶ್ವವಿದ್ಯಾಲಯದ್ದು ಅದರಲ್ಲಿ ಹೆಸರುವಾಸಿ.

ರೆಸಿಡೆನ್ಸಿ ಬೇಕಾಗುವುದು ಆಸ್ಪತ್ರೆಯ ವಾರ್ಡಿನಲ್ಲಿ ವೈದ್ಯರ ಜೊತೆ ರೌಂಡ್ಸ್ ಮಾಡುವ ಕೆಲಸಕ್ಕೆ, ಕ್ಲಿನಿಕ್‌ನಲ್ಲಿ ಕೂತು ಸಕ್ಕರೆ ಕಾಯಿಲೆ, ಬಿಪಿ, ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ನೋಡಿಕೊಳ್ಳುವ ಕೆಲಸಕ್ಕೆ, ಕಾಲೇಜಿನಲ್ಲಿ ಕ್ಲಿನಿಕಲ್ ವಿಷಯ ಕಲಿಸುವ ಕೆಲಸಕ್ಕೆ. ಆ ವರ್ಷದ ಸಂಬಳ ಲೈಸೆನ್ಸ್ ಇರುವ ಫಾರ್ಮಸಿಸ್ಟ್ ಸಂಬಳದ ಅರ್ಧಕ್ಕೂ ಕಡಿಮೆ ಇರುವುದೇ ಜಾಸ್ತಿ. ವಾರಾಂತ್ಯದ ಪಾಳಿ ಇರುತ್ತದೆ, ಸಂಶೋಧನೆಯ ಪ್ರಾಜೆಕ್ಟ್ ಇರುತ್ತದೆ, ನಿದ್ದೆ ಕಡಿಮೆ ಇರುತ್ತದೆ. ಸಾಲ ಇದೆ, ಮನೆಗೆ ದುಡ್ಡು ಕಳಿಸಬೇಕು ಅನ್ನುವವರು ಇದನ್ನು ಮನೆಯವರ ಜೊತೆ ಕೂತು ಮಾತಾಡಿ. ಕ್ಲಾಸಿನವರೆಲ್ಲ ಹಾಕುತ್ತಿದ್ದಾರೆ ಅಂತ ಹಾಕಬೇಡಿ. ಸಂದರ್ಶನದಲ್ಲಿ ಅದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಚಾನ್ಸ್ ಎಷ್ಟು?

ಸುಮಾರು ಹತ್ತು ವರ್ಷದ ಹಿಂದೆ ಪಿಜಿವೈ1ಗೆ ಪ್ರಯತ್ನಿಸಿದ ಮೂವರಲ್ಲಿ ಒಬ್ಬರಿಗೆ ಸಿಗದೇ ಹೋಗುತ್ತಿತ್ತು. ಈಗ ಪರಿಸ್ಥಿತಿ ಅದಕ್ಕಿಂತ ಚೆನ್ನಾಗಿದೆ. ಸೀಟುಗಳು ಹೆಚ್ಚಾದವು, ಫಾರ್ಮಸಿ ಕಾಲೇಜಿಗೆ ಸೇರುವವರು ಕಡಿಮೆಯಾದರು. ಹಾಗಂತ ಎಲ್ಲೆಡೆಯೂ ಸುಲಭವಾಗಿದೆ ಅಂತಲ್ಲ. ಮೇಯೊ ಕ್ಲಿನಿಕ್, ಕ್ಲೀವ್‌ಲ್ಯಾಂಡ್ ಕ್ಲಿನಿಕ್, ಜಾನ್ಸ್ ಹಾಪ್ಕಿನ್ಸ್ ಅಂಥ ಹೆಸರುಗಳಿಗೆ ಅರ್ಜಿಗಳ ರಾಶಿ ಬೀಳುತ್ತದೆ, ಕ್ಯಾಲಿಫೋರ್ನಿಯಾದ ದೊಡ್ಡ ಊರುಗಳಿಗೂ ಹಾಗೇ. ಅದೇ ಹೊತ್ತಿಗೆ ಮಧ್ಯ ಭಾಗದ ರಾಜ್ಯಗಳ ಸಣ್ಣ ಊರಿನ ಎಷ್ಟೋ ಒಳ್ಳೆಯ ಆಸ್ಪತ್ರೆಗಳಲ್ಲಿ ಮೊದಲ ಹಂತದಲ್ಲಿ ಸೀಟು ತುಂಬುವುದೇ ಇಲ್ಲ.

ಆದ್ದರಿಂದ ಇಡೀ ದೇಶದ ಸರಾಸರಿ ನೋಡಿ ಸಮಾಧಾನ ಪಡುವುದಾಗಲಿ, ಹೆದರುವುದಾಗಲಿ ಬೇಡ. ನಿಮ್ಮ ಚಾನ್ಸ್ ತೀರ್ಮಾನವಾಗುವುದು ನೀವು ಎಲ್ಲಿಗೆ ಹಾಕುತ್ತೀರಿ, ಯಾರಿಂದ ಪತ್ರ ಬರೆಸುತ್ತೀರಿ, ಎಷ್ಟು ಸಂದರ್ಶನ ಸಿಗುತ್ತದೆ ಅನ್ನುವುದರ ಮೇಲೆ. ಈ ಮೂರೂ ಬಹಳ ಮಟ್ಟಿಗೆ ನಿಮ್ಮ ಕೈಯಲ್ಲೇ ಇವೆ.

ಜಿಪಿಎ ಬಗ್ಗೆ ಕೇಳುವವರಿಗೆ: ಕೆಲವು ಕಡೆ 3.0 ಅಂತ ಗೆರೆ ಹಾಕಿರುತ್ತಾರೆ, ಕೆಲವು ಕಡೆ ಇನ್ನೂ ಮೇಲೆ. ಆ ಗೆರೆ ದಾಟಿದ ಮೇಲೆ 3.4ಕ್ಕೂ 3.7ಕ್ಕೂ ನಾವು ಹೆಚ್ಚು ವ್ಯತ್ಯಾಸ ಮಾಡುವುದಿಲ್ಲ. ಕೆಳಗಿದ್ದರೆ ಮುಚ್ಚಿಡಬೇಡಿ. ಎರಡನೇ ವರ್ಷ ಅಪ್ಪನಿಗೆ ಹುಷಾರಿರಲಿಲ್ಲ, ಊರಿಗೆ ಹೋಗಿ ಬಂದೆ, ಆ ಸೆಮಿಸ್ಟರ್ ಬಿದ್ದುಹೋಯಿತು, ಆಮೇಲೆ ಹೀಗೆ ಸುಧಾರಿಸಿದೆ ಅಂತ ಎರಡು ಸಾಲು ಬರೆದರೆ ಸಾಕು, ಓದುವವರೂ ಮನುಷ್ಯರೇ.

ಮೊದಲ ಮೂರು ವರ್ಷ: ಆಸ್ಪತ್ರೆಯ ಒಳಗೆ ಕಾಲಿಡಿ

ಸಾಧ್ಯವಾದರೆ ಮೊದಲ ವರ್ಷದ ಬೇಸಿಗೆಯಲ್ಲೇ ಆಸ್ಪತ್ರೆಯೊಂದರಲ್ಲಿ ಇಂಟರ್ನ್ ಕೆಲಸ ಹಿಡಿಯಿರಿ. ವಾರಕ್ಕೆ ಎಂಟು ಗಂಟೆಯಾದರೂ ಸರಿ, ರಾತ್ರಿ ಪಾಳಿಯಾದರೂ ಸರಿ. ಐವಿ ರೂಮಿನಲ್ಲಿ ಬ್ಯಾಗ್ ತಯಾರಿಸುವುದು, ಔಷಧದ ಕಪಾಟು ತುಂಬುವುದು, ಹೊಸ ರೋಗಿ ಮನೆಯಲ್ಲಿ ಯಾವ ಮಾತ್ರೆ ತಗೊಳ್ತಿದ್ದರು ಅಂತ ಕೇಳಿ ಬರೆದುಕೊಳ್ಳುವುದು, ಇವು ಸಣ್ಣ ಕೆಲಸದ ಹಾಗೆ ಕಾಣುತ್ತವೆ. ಆದರೆ ಆಸ್ಪತ್ರೆ ಹೇಗೆ ನಡೆಯುತ್ತದೆ ಅನ್ನುವುದು ಅಲ್ಲೇ ಅರ್ಥವಾಗುವುದು. ಅಲ್ಲಿನವರು ಮೂರು ವರ್ಷ ನಿಮ್ಮನ್ನು ನೋಡಿರುತ್ತಾರೆ, ಅದೇ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಇದ್ದರಂತೂ ನಿಮ್ಮ ಅರ್ಜಿ ಅಲ್ಲಿಗೆ ಹೋದಾಗ ನೀವು ಅಪರಿಚಿತರಾಗಿರುವುದಿಲ್ಲ.

ಸಂಘ ಸಂಸ್ಥೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಏಳು ಸಂಘದ ಸದಸ್ಯತ್ವಕ್ಕಿಂತ ಒಂದೇ ಸಂಘದಲ್ಲಿ ಎರಡು ವರ್ಷ ಮಾಡಿದ ಕೆಲಸ ದೊಡ್ಡದು. ಬಿಪಿ ತಪಾಸಣೆ ಶಿಬಿರ ಮಾಡಿದಿರಾ? ಎಷ್ಟು ಜನ ಬಂದರು, ಎಷ್ಟು ಜನರನ್ನು ವೈದ್ಯರ ಹತ್ತಿರ ಕಳಿಸಿದಿರಿ, ನೀವು ಖುದ್ದು ಏನು ಮಾಡಿದಿರಿ, ಅವತ್ತೇ ಬರೆದಿಡಿ. ನಾಲ್ಕನೇ ವರ್ಷದಲ್ಲಿ ಏನೂ ನೆನಪಿರುವುದಿಲ್ಲ.

ಸಂಶೋಧನೆ ಒಂದಾದರೂ ಇರಲಿ. ಅದು ಪ್ರಕಟವಾಗಲೇಬೇಕು ಅಂತಿಲ್ಲ, ಪೋಸ್ಟರ್ ಆದರೂ ಸಾಕು.

ರೊಟೇಶನ್ ಮತ್ತು ಪತ್ರ ಬರೆಯುವ ಮೂವರು

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ.

ನಾಲ್ಕನೇ ವರ್ಷ ಪೂರ್ತಿ ರೊಟೇಶನ್. ಕನಿಷ್ಠ 1,440 ಗಂಟೆ ಆಸ್ಪತ್ರೆ, ಕ್ಲಿನಿಕ್, ಅಂಗಡಿಗಳಲ್ಲಿ ಕಳೆಯಬೇಕು ಅನ್ನುವ ನಿಯಮ ಇದೆ. ನಾಲ್ಕರಿಂದ ಆರು ವಾರಕ್ಕೊಂದು ಜಾಗ. ಬೇಸಿಗೆಯಲ್ಲಿ ಶುರುವಾಗುತ್ತದೆ, ಅರ್ಜಿ ಹಾಕುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ ಅಷ್ಟೇ. ಅಂದರೆ ನಿಮ್ಮ ಪತ್ರ ಬರೆಯುವವರು ಸಿಗಬೇಕಾಗಿರುವುದು ಮೊದಲ ನಾಲ್ಕೈದು ರೊಟೇಶನ್‌ಗಳಲ್ಲಿ. ಆಯ್ಕೆ ಮಾಡುವ ಅವಕಾಶ ಇದ್ದರೆ ಇಂಟರ್ನಲ್ ಮೆಡಿಸಿನ್, ಐಸಿಯು, ಆಂಬುಲೇಟರಿ ಕೇರ್ (ಹೊರರೋಗಿ ಕ್ಲಿನಿಕ್) ಅಂಥ ಗಟ್ಟಿ ರೊಟೇಶನ್‌ಗಳನ್ನು ಡಿಸೆಂಬರ್‌ಗೆ ಮೊದಲೇ ಹಾಕಿಸಿಕೊಳ್ಳಿ. ಸುಲಭದ್ದನ್ನು ಮಾರ್ಚ್‌ಗೆ ಬಿಡಿ. ಜನವರಿ, ಫೆಬ್ರವರಿಯಲ್ಲಿ ಸಂದರ್ಶನಕ್ಕೆ ರಜೆ ಕೊಡುವ ಜಾಗ ಇರಲಿ.

ನಾನು ಮಾಡಿದ ತಪ್ಪು ಇಲ್ಲೇ. ಅರ್ಜಿಗೆ ಮೂರು ಶಿಫಾರಸು ಬೇಕು. ನಾನು ಮೂರರಲ್ಲಿ ಎರಡನ್ನು ಕ್ಲಾಸಿನಲ್ಲಿ ಪಾಠ ಮಾಡಿದ ಪ್ರೊಫೆಸರ್‌ಗಳಿಂದ ಬರೆಸಿದೆ. ಅವರ ವಿಷಯದಲ್ಲಿ ನನಗೆ ಎ ಬಂದಿತ್ತು, ಅವರು ದೊಡ್ಡ ಹೆಸರಿನವರು, ಊರಿನ ಲೆಕ್ಕದಲ್ಲಿ ಅದೇ ಸರಿ ಅನ್ನಿಸಿತ್ತು. ಮೊದಲ ಹಂತದಲ್ಲಿ ಸಿಗದೇ ಹೋದ ದಿನ, ಆಗಸ್ಟ್‌ನಲ್ಲಿ ನನಗೆ ಇಂಟರ್ನಲ್ ಮೆಡಿಸಿನ್ ಕಲಿಸಿದ ಪ್ರಿಸೆಪ್ಟರ್ (ರೊಟೇಶನ್‌ನಲ್ಲಿ ಜೊತೆಗಿದ್ದು ಕಲಿಸುವ ಫಾರ್ಮಸಿಸ್ಟ್) ಕಾರಿಡಾರ್‌ನಲ್ಲಿ ಸಿಕ್ಕರು. ಪತ್ರ ಯಾರು ಬರೆದರು ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಬರೆಯುತ್ತಿದ್ದೆ. ನೀನು ಕೇಳಲೇ ಇಲ್ಲ" ಅಂದರು. ಆರು ವಾರ ದಿನಾ ಬೆಳಗ್ಗೆ ಆರೂವರೆಗೆ ಅವರ ಮುಂದೆ ನಿಂತು ಹನ್ನೆರಡು ರೋಗಿಗಳ ವಿವರ ಹೇಳಿದ್ದೆ. ಕೇಳಲು ಸಂಕೋಚವಾಗಿತ್ತು, ಅವರಿಗೆ ಕೆಲಸ ಜಾಸ್ತಿ, ಯಾಕೆ ತೊಂದರೆ ಕೊಡುವುದು ಅಂತ. ಎರಡನೇ ಹಂತಕ್ಕೆ ಅವರೇ ಬರೆದರು.

ಶಿಫಾರಸಿನ ಫಾರಂ ಹೇಗಿರುತ್ತದೆ ಅಂತ ಗೊತ್ತಾದರೆ ಇದು ಯಾಕೆ ಮುಖ್ಯ ಅಂತ ತಿಳಿಯುತ್ತದೆ. ಅದರಲ್ಲಿ ಬರೀ ಪತ್ರ ಬರೆದರೆ ಆಗುವುದಿಲ್ಲ. ಸಮಯಪಾಲನೆ, ಬರವಣಿಗೆ, ಮಾತು, ತಂಡದಲ್ಲಿ ಬೆರೆಯುವುದು, ತಪ್ಪು ತೋರಿಸಿದಾಗ ಹೇಗೆ ತೆಗೆದುಕೊಳ್ಳುತ್ತಾರೆ, ರೋಗಿಯ ಸಮಸ್ಯೆ ಬಿಡಿಸುವ ಶಕ್ತಿ ಹೀಗೆ ಒಂದೊಂದು ಗುಣಕ್ಕೂ ಅಭಿಪ್ರಾಯ ಕೇಳುತ್ತಾರೆ. ಇನ್ನೂರು ಜನರ ಕ್ಲಾಸಿನಲ್ಲಿ ಪಾಠ ಮಾಡಿದವರಿಗೆ ಇದು ಹೇಗೆ ಗೊತ್ತಿರುತ್ತದೆ? ಅವರು "ಒಳ್ಳೆಯ ವಿದ್ಯಾರ್ಥಿ" ಅಂತ ಬರೆಯುತ್ತಾರೆ. ಅರ್ಜಿ ಓದುವ ನಮಗೆ ಅದರಿಂದ ಏನೂ ಸಿಗುವುದಿಲ್ಲ.

ಹಾಗಾದರೆ ಮಾಡಬೇಕಾದ್ದು ಏನು? ರೊಟೇಶನ್‌ನ ಮೊದಲ ದಿನವೇ ಪ್ರಿಸೆಪ್ಟರ್‌ಗೆ ಹೇಳಿ: ನಾನು ರೆಸಿಡೆನ್ಸಿಗೆ ಹಾಕುತ್ತಿದ್ದೇನೆ, ಎಲ್ಲಿ ಸುಧಾರಿಸಬೇಕು ಅಂತ ಪ್ರತಿ ವಾರ ಹೇಳಿ. ಅವರು ಹೇಳಿದ ಒಂದನ್ನು ಮುಂದಿನ ವಾರದೊಳಗೆ ತಿದ್ದಿಕೊಂಡು ತೋರಿಸಿ. ಅವರು ಪತ್ರದಲ್ಲಿ ಬರೆಯುವುದು ಆ ಬದಲಾವಣೆಯನ್ನೇ. ರೌಂಡ್ಸ್‌ನಲ್ಲಿ ಬಾಯಿ ಬಿಡಿ. ದೊಡ್ಡವರ ಮುಂದೆ ಮಾತಾಡಬಾರದು ಅಂತ ನಮಗೆ ಮನೆಯಲ್ಲಿ ಕಲಿಸಿರುತ್ತಾರೆ, ನಾನೂ ಹಾಗೇ ಬೆಳೆದವಳು. ಇಲ್ಲಿ ಸುಮ್ಮನಿದ್ದರೆ ಅದನ್ನು ಗೌರವ ಅಂತ ಯಾರೂ ಓದುವುದಿಲ್ಲ, ಗೊತ್ತಿಲ್ಲ ಅಂತ ಓದುತ್ತಾರೆ. ವ್ಯಾಂಕೋಮೈಸಿನ್ ಅನ್ನುವ ಆಂಟಿಬಯಾಟಿಕ್‌ನ ಡೋಸ್ ಜಾಸ್ತಿ ಅನ್ನಿಸಿದರೆ ರೌಂಡ್ಸ್ ಮುಗಿಯುವವರೆಗೆ ಕಾಯಬೇಡಿ, ಅಲ್ಲೇ ವಿನಯವಾಗಿ ಹೇಳಿ.

ಕೊನೆಯ ವಾರ ಹೀಗೆ ಕೇಳಿ: "ನನ್ನ ಬಗ್ಗೆ ಬಲವಾದ ಶಿಫಾರಸು ಬರೆಯಲು ನಿಮಗೆ ಆಗುತ್ತದಾ?" ಬಲವಾದ ಅನ್ನುವ ಮಾತು ಬಿಡಬೇಡಿ. ಅವರು ಸ್ವಲ್ಪ ಹಿಂದೆ ಮುಂದೆ ನೋಡಿದರೆ ಥ್ಯಾಂಕ್ಸ್ ಹೇಳಿ ಬೇರೆಯವರನ್ನು ಕೇಳಿ. ಒಪ್ಪಿದರೆ ನಿಮ್ಮ ಸಿವಿ, ಹಾಕುತ್ತಿರುವ ಜಾಗಗಳ ಪಟ್ಟಿ, ಕೊನೆಯ ದಿನಾಂಕ, ಅವರ ಜೊತೆ ಮಾಡಿದ ಮೂರು ಕೆಲಸಗಳ ನೆನಪು ಎಲ್ಲಾ ಒಂದೇ ಹಾಳೆಯಲ್ಲಿ ಕಳಿಸಿ. ಕನಿಷ್ಠ ಆರು ವಾರ ಸಮಯ ಕೊಡಿ.

ಎಲ್ಲಿಗೆ ಹಾಕುವುದು

ಎಎಸ್‌ಎಚ್‌ಪಿ ಅನ್ನುವ ಆಸ್ಪತ್ರೆ ಫಾರ್ಮಸಿಸ್ಟ್‌ಗಳ ಸಂಘ ಈ ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡುತ್ತದೆ, ಅವರ ವೆಬ್‌ಸೈಟಿನಲ್ಲಿ ಪೂರ್ತಿ ಪಟ್ಟಿ ಇದೆ. ಸೆಪ್ಟೆಂಬರ್‌ನಲ್ಲಿ ಒಂದು ಸ್ಪ್ರೆಡ್‌ಶೀಟ್ ಮಾಡಿ. ಊರು, ಎಷ್ಟು ಸೀಟು, ಯಾವ ರೊಟೇಶನ್ ಇದೆ, ಪಾಳಿ ಹೇಗೆ, ಪಿಜಿವೈ2 ಅಲ್ಲೇ ಇದೆಯಾ, ವೀಸಾ ಕೊಡುತ್ತಾರಾ, ಕೊನೆಯ ದಿನಾಂಕ ಯಾವುದು. ಐಸಿಯು ಪಿಜಿವೈ2 ಮಾಡುವ ಆಸೆ ಇದ್ದರೆ, ಅದು ಅಲ್ಲೇ ಇರುವ ಆಸ್ಪತ್ರೆಗೆ ಪಿಜಿವೈ1 ಹಾಕುವುದು ಒಳ್ಳೆಯದು. ಕೆಲವು ಕಡೆ ಮ್ಯಾಚ್‌ಗೆ ಮೊದಲೇ ತಮ್ಮವರನ್ನೇ ಪಿಜಿವೈ2ಗೆ ಉಳಿಸಿಕೊಳ್ಳುವ ವ್ಯವಸ್ಥೆ ಇದೆ.

ಎಷ್ಟಕ್ಕೆ ಹಾಕಬೇಕು? ನನ್ನ ಸಲಹೆ ಹತ್ತರ ಆಸುಪಾಸು. ಎರಡು ಮೂರು ಕನಸಿನ ಜಾಗ, ಐದಾರು ನಿಮಗೆ ಹೊಂದುವ ಜಾಗ, ಎರಡು ಮೂರು ಕಡಿಮೆ ಜನ ಹಾಕುವ ಊರು. ಆದರೆ ಒಂದು ಮಾತು, ಹೋಗಿ ಒಂದು ವರ್ಷ ಇರಲು ಮನಸ್ಸಿಲ್ಲದ ಊರಿಗೆ ಹಾಕಲೇಬೇಡಿ. ನಾನು ಮೊದಲ ಸಲ ಹಾಕಿದ ಒಂಬತ್ತೂ ಕರಾವಳಿಯ ದೊಡ್ಡ ಊರಿನ ವಿಶ್ವವಿದ್ಯಾಲಯದ ಆಸ್ಪತ್ರೆಗಳು. ಎರಡು ಕಡೆಯಿಂದ ಮಾತ್ರ ಕರೆ ಬಂತು. ಕೊನೆಗೆ ನಾನು ಕಲಿತದ್ದು ಸುತ್ತಲೂ ಜೋಳದ ಹೊಲ ಇರುವ ಊರಿನ ಮುನ್ನೂರು ಹಾಸಿಗೆಯ ಆಸ್ಪತ್ರೆಯಲ್ಲಿ. ಅಲ್ಲಿ ರೆಸಿಡೆಂಟ್‌ಗಳು ಇಬ್ಬರೇ ಇದ್ದುದರಿಂದ ಎಲ್ಲಾ ಕೋಡ್ ಬ್ಲೂಗೂ (ರೋಗಿಯ ಹೃದಯ ನಿಂತಾಗ ಬರುವ ತುರ್ತು ಕರೆ) ನಾವೇ ಓಡುತ್ತಿದ್ದೆವು. ಅಷ್ಟು ಕಲಿಕೆ ದೊಡ್ಡ ಜಾಗದಲ್ಲಿ ಸಿಗುತ್ತಿತ್ತು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ಅರ್ಜಿ: ಫೋರ್ಕಾಸ್, ಸಿವಿ, ಲೆಟರ್

ಅರ್ಜಿ ಹೋಗುವುದು ಫೋರ್ಕಾಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯ ಮೂಲಕ. ಮ್ಯಾಚ್ ನಡೆಸುವುದು ಬೇರೆ ಸಂಸ್ಥೆ, ನ್ಯಾಷನಲ್ ಮ್ಯಾಚಿಂಗ್ ಸರ್ವೀಸಸ್. ಅಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿ ದುಡ್ಡು ಕಟ್ಟಬೇಕು. ಫೋರ್ಕಾಸ್ ತುಂಬಿದರೆ ಎಲ್ಲಾ ಮುಗಿಯಿತು ಅಂದುಕೊಳ್ಳುವವರನ್ನು ನೋಡಿದ್ದೇನೆ, ದಯವಿಟ್ಟು ಎರಡೂ ಮಾಡಿ. ಹೆಚ್ಚಿನ ಕಡೆ ಕೊನೆಯ ದಿನಾಂಕ ಡಿಸೆಂಬರ್ ಕೊನೆ ಅಥವಾ ಜನವರಿ ಮೊದಲ ವಾರದಲ್ಲಿ ಬೀಳುತ್ತದೆ. ಅಂಕಪಟ್ಟಿ ಪರಿಶೀಲನೆಗೇ ಸಮಯ ಹಿಡಿಯುತ್ತದೆ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊದಲೇ ಕಾಲೇಜಿನಿಂದ ಕಳಿಸಿಬಿಡಿ.

ಸಿವಿ ಉದ್ದವಾದರೆ ಪರವಾಗಿಲ್ಲ, ಸುಳ್ಳಿರಬಾರದು. ಅದರಲ್ಲಿರುವ ಯಾವ ಸಾಲಿನ ಬಗ್ಗೆ ಬೇಕಾದರೂ ಸಂದರ್ಶನದಲ್ಲಿ ಕೇಳುತ್ತಾರೆ. ಮೊದಲ ವರ್ಷ ಮಾಡಿದ ಜರ್ನಲ್ ಕ್ಲಬ್ ಹಾಕಿದ್ದರೆ ಆ ಪೇಪರ್ ಮತ್ತೆ ಓದಿಕೊಂಡು ಹೋಗಿ.

ಲೆಟರ್ ಆಫ್ ಇಂಟೆಂಟ್ ಒಂದು ಪುಟ. ಇದರಲ್ಲೇ ಬಹಳ ಜನ ಸೋಲುವುದು. "ನಿಮ್ಮ ಹೆಸರಾಂತ ಸಂಸ್ಥೆಯಲ್ಲಿ ಕಲಿಯುವುದು ನನ್ನ ಬಹುದಿನದ ಕನಸು, ರೋಗಿಗಳ ಸೇವೆಯೇ ನನ್ನ ಗುರಿ." ಇಂಥ ಸಾಲನ್ನು ಒಂದು ಮಧ್ಯಾಹ್ನ ನಲವತ್ತು ಸಲ ಓದುವವರನ್ನು ನೆನೆಸಿಕೊಳ್ಳಿ. ಅದರ ಬದಲು ಹೀಗೆ ಶುರು ಮಾಡಿದವರು ಒಬ್ಬರಿದ್ದರು: ಎನೊಕ್ಸಾಪರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್) ಮೇಲಿದ್ದ ರೋಗಿಯ ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅನ್ನುವ ಅಳತೆ) ರಾತ್ರೋರಾತ್ರಿ 30ಕ್ಕಿಂತ ಕೆಳಗೆ ಇಳಿದಿತ್ತು, ದಿನಕ್ಕೆ ಎರಡು ಸಲ ಕೊಡುತ್ತಿದ್ದ ಡೋಸ್ ಒಂದೇ ಸಲಕ್ಕೆ ಇಳಿಸಬೇಕು ಅಂತ ಹೇಳಲು ಫೋನ್ ಎತ್ತಿದಾಗ ಕೈ ನಡುಗುತ್ತಿತ್ತು, ಡಾಕ್ಟರ್ ಒಪ್ಪಿದರು, ಆವತ್ತೇ ಈ ಕೆಲಸ ನನಗೆ ಬೇಕು ಅನ್ನಿಸಿತು. ಅಷ್ಟೇ. ಅವರ ಹೆಸರು ನಮಗೆಲ್ಲಾ ನೆನಪಿತ್ತು.

ಬರೆಯಬೇಕಾದ್ದು ಮೂರೇ ವಿಷಯ. ನಿಮಗೆ ಏನು ಬೇಕು, ಅದು ಈ ಜಾಗದಲ್ಲೇ ಹೇಗೆ ಸಿಗುತ್ತದೆ, ನೀವು ಅಲ್ಲಿಗೆ ಏನು ತರುತ್ತೀರಿ. ನಡುವಿನದು ಪ್ರತಿ ಆಸ್ಪತ್ರೆಗೂ ಬೇರೆ ಇರಬೇಕು. ಇನ್ನೊಂದು ಆಸ್ಪತ್ರೆಯ ಹೆಸರು ಉಳಿದುಹೋದ ಪತ್ರ ಪ್ರತಿ ವರ್ಷ ಒಂದಾದರೂ ಬರುತ್ತದೆ. ಕಳಿಸುವ ಮೊದಲು ಜೋರಾಗಿ ಓದಿ, ಆಮೇಲೆ ಬೇರೆಯವರಿಂದ ಓದಿಸಿ.

ಇನ್ನೊಂದು ಅಭ್ಯಾಸ ನಮ್ಮವರಲ್ಲಿ ಜಾಸ್ತಿ. ತಾವು ಒಬ್ಬರೇ ಮಾಡಿದ್ದನ್ನೂ "ನಾವು ಮಾಡಿದೆವು" ಅಂತ ಬರೆಯುತ್ತಾರೆ. ಜಂಬ ಅನ್ನಿಸಬಾರದು ಅಂತ. ಓದುವವರಿಗೆ ನೀವು ಏನು ಮಾಡಿದಿರಿ ಅಂತ ತಿಳಿಯುವುದೇ ಇಲ್ಲ. ನೀವು ಮಾಡಿದ್ದರೆ ನಾನು ಅಂತಲೇ ಬರೆಯಿರಿ.

ಮಿಡ್‌ಇಯರ್

ಡಿಸೆಂಬರ್‌ನಲ್ಲಿ ಎಎಸ್‌ಎಚ್‌ಪಿ ಮಿಡ್‌ಇಯರ್ ಸಮ್ಮೇಳನ ನಡೆಯುತ್ತದೆ. ಅದರ ಶೋಕೇಸ್‌ನಲ್ಲಿ ಆಸ್ಪತ್ರೆಗಳು ಸಾಲಾಗಿ ಮೇಜು ಹಾಕಿಕೊಂಡು ಕೂರುತ್ತವೆ. ಹೋಗಲಾಗದಿದ್ದರೆ ಅದರಿಂದಲೇ ಸೀಟು ತಪ್ಪುವುದಿಲ್ಲ, ಖರ್ಚು ದೊಡ್ಡದು, ಈಗ ಬಹಳ ಆಸ್ಪತ್ರೆಗಳು ಆನ್‌ಲೈನ್‌ನಲ್ಲೇ ಪರಿಚಯ ಸಭೆ ಮಾಡುತ್ತವೆ. ಹೋದರೆ ನಿರ್ದೇಶಕರಿಗಿಂತ ಈಗಿನ ರೆಸಿಡೆಂಟ್‌ಗಳ ಜೊತೆ ಹೆಚ್ಚು ಹೊತ್ತು ಮಾತಾಡಿ. ಹೋದ ತಿಂಗಳು ಎಷ್ಟು ಶನಿವಾರ ಕೆಲಸ ಮಾಡಿದಿರಿ ಅಂತ ಕೇಳಿ. ಅವರ ಮುಖದಲ್ಲೇ ಉತ್ತರ ಇರುತ್ತದೆ.

ಸಂದರ್ಶನ

ಜನವರಿ ಕೊನೆಯಿಂದ ಫೆಬ್ರವರಿ ತನಕ. ಅರ್ಧ ದಿನ, ಕೆಲವೊಮ್ಮೆ ಇಡೀ ದಿನ. ವಿಡಿಯೊದಲ್ಲಿ ಆಗಬಹುದು, ನೇರವಾಗಿ ಆಗಬಹುದು. ಒಂದು ಸಣ್ಣ ಪ್ರೆಸೆಂಟೇಶನ್, ಒಂದು ಕ್ಲಿನಿಕಲ್ ಕೇಸ್, ಮೂರು ನಾಲ್ಕು ಗುಂಪುಗಳ ಜೊತೆ ಮಾತು.

ಕೇಸ್‌ನಲ್ಲಿ ಕೇಳುವುದು ವಿಚಿತ್ರ ರೋಗಗಳನ್ನಲ್ಲ. ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಹಾರ್ಟ್ ಫೇಲ್ಯೂರ್, ಏಟ್ರಿಯಲ್ ಫಿಬ್ರಿಲೇಶನ್, ಡಯಾಬಿಟಿಸ್. ಅಲರ್ಜಿ ನೋಡಿದಿರಾ, ಕಿಡ್ನಿ ನೋಡಿದಿರಾ, ಮನೆಯ ಮಾತ್ರೆಗಳನ್ನು ನೋಡಿದಿರಾ, ಕೊಟ್ಟ ಮೇಲೆ ಏನನ್ನು ಗಮನಿಸುತ್ತೀರಿ, ಇಷ್ಟನ್ನು ಕ್ರಮವಾಗಿ ಹೇಳಿದರೆ ಅಂತಿಮ ಉತ್ತರ ಸ್ವಲ್ಪ ತಪ್ಪಿದರೂ ನಾವು ಮೆಚ್ಚುತ್ತೇವೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಎಲ್ಲಿ ಹುಡುಕುತ್ತೀರಿ ಅಂತ ಹೇಳಿ. ಊಹೆ ಮಾಡಿ ಡೋಸ್ ಹೇಳಿದವರನ್ನು ಯಾವ ಆಸ್ಪತ್ರೆಯೂ ವಾರ್ಡಿಗೆ ಬಿಡಲು ಇಷ್ಟಪಡುವುದಿಲ್ಲ.

ಉಳಿದದ್ದು ಅನುಭವದ ಪ್ರಶ್ನೆಗಳು. ನೀವು ತಪ್ಪು ಮಾಡಿದ ಒಂದು ಸಂದರ್ಭ, ಯಾರ ಜೊತೆಗಾದರೂ ಭಿನ್ನಾಭಿಪ್ರಾಯ ಬಂದದ್ದು, ಒಂದೇ ಹೊತ್ತಿಗೆ ಮೂರು ಕೆಲಸ ಬಂದು ಬಿದ್ದದ್ದು. ಇದಕ್ಕೆ ಆರೇಳು ನಿಜವಾದ ಘಟನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ, ಬಾಯಿಪಾಠ ಬೇಡ. "ನನ್ನ ದೌರ್ಬಲ್ಯ ಅಂದರೆ ಎಲ್ಲಾ ಪರ್ಫೆಕ್ಟ್ ಆಗಿರಬೇಕು ಅನ್ನುವುದು" ಅನ್ನುವ ಉತ್ತರ ಬಿಟ್ಟುಬಿಡಿ. ನಿಜ ಹೇಳಿ: ನಾನು ಸಹಾಯ ಕೇಳುವುದರಲ್ಲಿ ಹಿಂದೆ, ಈಗ ಹೀಗೆ ಕಲಿಯುತ್ತಿದ್ದೇನೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಲು ಎರಡು ಸೆಕೆಂಡ್ ಹಿಡಿದರೆ ಹಿಡಿಯಲಿ. ಅವಸರ ಬೇಡ. ಉಚ್ಚಾರಣೆಗೆ ನಾಚಬೇಡಿ.

ಮುಗಿದ ದಿನವೇ ಪ್ರತಿಯೊಬ್ಬರಿಗೂ ಒಂದು ಸಣ್ಣ ಥ್ಯಾಂಕ್ಸ್ ಮೇಲ್. ಅದೇ ರಾತ್ರಿ ನಿಮಗೆ ಆ ಜಾಗ ಹೇಗನ್ನಿಸಿತು ಅಂತ ಐದು ಸಾಲು ಬರೆದಿಡಿ, ಐದನೇ ಸಂದರ್ಶನದ ಹೊತ್ತಿಗೆ ಎಲ್ಲಾ ಕಲಸಿಹೋಗಿರುತ್ತದೆ.

ರ‍್ಯಾಂಕ್ ಪಟ್ಟಿ: ಸಿಇಟಿ ಆಪ್ಷನ್ ಎಂಟ್ರಿ ನೆನಪಿದೆಯಾ?

ಮಾರ್ಚ್ ಮೊದಲ ವಾರದ ಹೊತ್ತಿಗೆ ನೀವು ಆಸ್ಪತ್ರೆಗಳನ್ನು ಇಷ್ಟದ ಕ್ರಮದಲ್ಲಿ ಬರೆದು ಕೊಡಬೇಕು. ಆಸ್ಪತ್ರೆಗಳೂ ಅಭ್ಯರ್ಥಿಗಳನ್ನು ಹಾಗೇ ಬರೆದು ಕೊಡುತ್ತವೆ. ಕಂಪ್ಯೂಟರ್ ಹೊಂದಿಸುತ್ತದೆ. ಊರಲ್ಲಿ ಸಿಇಟಿಗೆ ಆಪ್ಷನ್ ಎಂಟ್ರಿ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವ್ಯತ್ಯಾಸ ಒಂದೇ. ಅಲ್ಲಿ ಎಲ್ಲಾ ಕಾಲೇಜಿಗೂ ನಿಮ್ಮದು ಒಂದೇ ರ‍್ಯಾಂಕ್, ಇಲ್ಲಿ ಒಂದೊಂದು ಆಸ್ಪತ್ರೆಯೂ ನಿಮಗೆ ತನ್ನದೇ ರ‍್ಯಾಂಕ್ ಕೊಡುತ್ತದೆ.

ಒಂದು ಉದಾಹರಣೆ. ನೀವು ಮೊದಲು ಎ, ಆಮೇಲೆ ಬಿ, ಆಮೇಲೆ ಸಿ ಅಂತ ಬರೆದಿರಿ. ಕಂಪ್ಯೂಟರ್ ಮೊದಲು ನಿಮ್ಮನ್ನು ಎ ಆಸ್ಪತ್ರೆಯಲ್ಲಿ ಕೂರಿಸಲು ನೋಡುತ್ತದೆ. ಅವರ ಎರಡು ಸೀಟಿಗೆ ನಿಮಗಿಂತ ಮೇಲೆ ಇಟ್ಟಿರುವ ಇಬ್ಬರು ಬಂದು ಕೂತಿದ್ದರೆ ನಿಮ್ಮನ್ನು ಬಿ ಹತ್ತಿರ ಕರೆದುಕೊಂಡು ಹೋಗುತ್ತದೆ. ಅಲ್ಲಿ ಸೀಟು ತುಂಬಿದ್ದರೂ, ಕೂತವರಲ್ಲಿ ಒಬ್ಬರಿಗಿಂತ ನಿಮ್ಮನ್ನು ಬಿ ಹೆಚ್ಚು ಇಷ್ಟಪಟ್ಟಿದ್ದರೆ ಅವರು ಎದ್ದು ತಮ್ಮ ಮುಂದಿನ ಆಯ್ಕೆಗೆ ಹೋಗುತ್ತಾರೆ, ನೀವು ಕೂರುತ್ತೀರಿ. ಎ ಅನ್ನು ಮೊದಲು ಬರೆದಿದ್ದಕ್ಕೆ ಬಿ ಹತ್ತಿರ ನಿಮಗೆ ಒಂದು ಕೂದಲೆಳೆಯಷ್ಟೂ ನಷ್ಟವಿಲ್ಲ. ಇಂಥ ಹೊಂದಾಣಿಕೆಯ ಗಣಿತಕ್ಕೇ ಆಲ್ವಿನ್ ರಾತ್ ಮತ್ತು ಲಾಯ್ಡ್ ಶಾಪ್ಲಿ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು.

ಆದ್ದರಿಂದ ಪಟ್ಟಿ ಬರೆಯುವಾಗ ಒಂದೇ ನಿಯಮ: ನಿಮ್ಮ ಮನಸ್ಸಿನ ಕ್ರಮದಲ್ಲೇ ಬರೆಯಿರಿ. "ಅವರು ನನ್ನನ್ನು ತಗೊಳ್ಳಲ್ಲ, ಅದಕ್ಕೆ ಕೆಳಗೆ ಹಾಕಿದೆ" ಅನ್ನುವ ಲೆಕ್ಕಾಚಾರ ನಿಮಗೇ ನಷ್ಟ. ಇನ್ನೊಂದು, ಮ್ಯಾಚ್ ಆದರೆ ಎರಡೂ ಕಡೆಯವರಿಗೆ ಅದು ಕಟ್ಟುಪಾಡು. ಆಮೇಲೆ ಬೇಡ ಅನ್ನುವ ಹಾಗಿಲ್ಲ. ಹೋಗಲು ಸಾಧ್ಯವೇ ಇಲ್ಲದ ಜಾಗವನ್ನು ಪಟ್ಟಿಯಲ್ಲಿ ಇಡಬೇಡಿ. ನಮ್ಮನ್ನು ಎಷ್ಟನೇ ಸ್ಥಾನದಲ್ಲಿ ಇಡುತ್ತೀರಿ ಅಂತ ಆಸ್ಪತ್ರೆಯವರು ಕೇಳಬಾರದು, ನೀವೂ ಹೇಳಬೇಕಾಗಿಲ್ಲ.

ಕರ್ನಾಟಕದಲ್ಲಿ ಓದಿ ಬಂದವರಿಗೆ

ಇಲ್ಲಿಯವರೆಗೆ ಬರೆದದ್ದು ಅಮೆರಿಕದ ಕಾಲೇಜಿನಲ್ಲಿ ಓದುತ್ತಿರುವವರ ಲೆಕ್ಕ. ಊರಲ್ಲೇ ಓದಿ ಬಂದವರಿಗೆ ಇನ್ನೊಂದು ಬಾಗಿಲು ಮೊದಲು ದಾಟಬೇಕು. ಅದು ಹೊರದೇಶದ ಫಾರ್ಮಸಿ ಪದವಿಯನ್ನು ಇಲ್ಲಿ ಒಪ್ಪಿಕೊಳ್ಳಲು ಬೇಕಾದ ಎಫ್‌ಪಿಜಿಇಸಿ ಪ್ರಮಾಣಪತ್ರ. ಅದಕ್ಕೆ ಎಫ್‌ಪಿಜಿಇಇ ಪರೀಕ್ಷೆ ಮತ್ತು ಟೋಫೆಲ್ ಪಾಸಾಗಬೇಕು. 2003ರಿಂದ ಈಚೆಗೆ ಪದವಿ ಪಡೆದವರಿಗೆ ಐದು ವರ್ಷದ ಕೋರ್ಸ್ ಆಗಿರಬೇಕು ಅನ್ನುವ ನಿಯಮ ಇದೆ. ಅಂದರೆ ನಾಲ್ಕು ವರ್ಷದ ಬಿ.ಫಾರ್ಮ್ ಒಂದೇ ಸಾಲದು. ಭಾರತದಲ್ಲಿ 2008ರಲ್ಲಿ ಶುರುವಾದ ಆರು ವರ್ಷದ ಫಾರ್ಮ್‌ಡಿ ಮಾಡಿದವರಿಗೆ ಈ ದಾರಿ ತೆರೆದಿದೆ. ಎಂ.ಫಾರ್ಮ್ ಸೇರಿಸಿದರೆ ಐದಾಗುವುದಿಲ್ಲವಾ ಅಂತ ಬಹಳ ಜನ ಕೇಳುತ್ತಾರೆ. ಅದನ್ನು ನಂಬಿಕೊಂಡು ಫೀಸ್ ಕಟ್ಟುವ ಮೊದಲು ಈ ಪ್ರಮಾಣಪತ್ರ ಕೊಡುವ ಸಂಸ್ಥೆ ಎನ್‌ಎಬಿಪಿಗೆ ಬರೆದು ಲಿಖಿತ ಉತ್ತರ ತಗೊಳ್ಳಿ. ಬಿ.ಫಾರ್ಮ್‌ನವರಿಗೆ ಉಳಿದದ್ದು ನನ್ನ ದಾರಿ, ಇಲ್ಲಿ ಫಾರ್ಮ್‌ಡಿ ಓದುವುದು. ಕೊಲರಾಡೋ, ನೋವಾ ಸೌತ್‌ಈಸ್ಟರ್ನ್ ಅಂಥ ಕೆಲವು ವಿಶ್ವವಿದ್ಯಾಲಯಗಳು ಹೊರದೇಶದ ಫಾರ್ಮಸಿ ಪದವೀಧರರಿಗೆ ಪ್ರತ್ಯೇಕ ಪ್ರವೇಶ ಕೊಟ್ಟಿವೆ.

ವೀಸಾ ವಿಷಯವನ್ನು ಕೊನೆಗೆ ಬಿಡಬೇಡಿ. ಬಹಳಷ್ಟು ಆಸ್ಪತ್ರೆಗಳು ರೆಸಿಡೆಂಟ್‌ಗಳಿಗೆ ವೀಸಾ ಪ್ರಾಯೋಜಿಸುವುದಿಲ್ಲ, ಪಟ್ಟಿಯಲ್ಲೇ ಹಾಗೆ ಬರೆದಿರುತ್ತಾರೆ. ಎಫ್-1 ವೀಸಾದಲ್ಲಿ ಇಲ್ಲಿ ಫಾರ್ಮ್‌ಡಿ ಓದಿದವರಿಗೆ ಹನ್ನೆರಡು ತಿಂಗಳ ಒಪಿಟಿ (ಓದು ಮುಗಿದ ಮೇಲೆ ಕೆಲಸ ಮಾಡಲು ಅನುಮತಿ) ಸಿಗುತ್ತದೆ, ಪಿಜಿವೈ1ಗೆ ಅದು ಹೆಚ್ಚುಕಡಿಮೆ ಸರಿಹೋಗುತ್ತದೆ. ಪಿಜಿವೈ2 ಬೇಕಾದರೆ ಎಚ್-1ಬಿ ಕೊಡುವ ಜಾಗವನ್ನು, ಅದರಲ್ಲೂ ಲಾಟರಿ ಇಲ್ಲದೆ ಕೊಡಬಲ್ಲ ವಿಶ್ವವಿದ್ಯಾಲಯದ ಆಸ್ಪತ್ರೆಗಳನ್ನು ಈಗಲೇ ಗುರುತು ಮಾಡಿಕೊಳ್ಳಿ. ಮಾಜಿ ಸೈನಿಕರ ವಿಎ ಆಸ್ಪತ್ರೆಗಳಲ್ಲಿ ಒಳ್ಳೆಯ ರೆಸಿಡೆನ್ಸಿಗಳಿವೆ, ಆದರೆ ಅಲ್ಲಿ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು. ಸೆಪ್ಟೆಂಬರ್‌ನಲ್ಲೇ ಎಚ್‌ಆರ್‌ಗೆ ಮೇಲ್ ಮಾಡಿ ಕೇಳಿ. ಕೇಳಿದ್ದಕ್ಕೆ ಅರ್ಜಿ ತಿರಸ್ಕಾರವಾಗುತ್ತದೆ ಅಂತ ಹೆದರಬೇಡಿ. ಕೊಡದ ಜಾಗಕ್ಕೆ ದುಡ್ಡು, ಸಮಯ ಸುರಿದು ಮಾರ್ಚ್‌ನಲ್ಲಿ ಅಳುವುದು ಬಹಳ ಕಷ್ಟ.

ಮ್ಯಾಚ್ ದಿನ, ಅದರ ಮರುದಿನ

ಮಾರ್ಚ್ ಮಧ್ಯದಲ್ಲಿ ಒಂದು ಮೇಲ್ ಬರುತ್ತದೆ. ಆವತ್ತು ರೊಟೇಶನ್ ಇದ್ದರೆ ಮೇಲ್ ತೆಗೆಯಲು ಒಂದು ಖಾಲಿ ಕೋಣೆ ನೋಡಿಟ್ಟುಕೊಳ್ಳಿ.

ಸಿಗದಿದ್ದರೆ ಆ ದಿನ ಅತ್ತುಬಿಡಿ, ಮನೆಗೆ ಫೋನ್ ಮಾಡಿ, ಊಟ ಬಿಡಬೇಡಿ. ಮರುದಿನ ಬೆಳಗ್ಗೆ ಕೆಲಸ ಇದೆ. ಖಾಲಿ ಉಳಿದ ಸೀಟುಗಳ ಪಟ್ಟಿ ಸಿಗುತ್ತದೆ, ಎರಡನೇ ಹಂತಕ್ಕೆ ಅರ್ಜಿ ಹಾಕಲು ಕೆಲವೇ ದಿನ ಇರುತ್ತದೆ. ಹಳೆಯ ಪತ್ರವನ್ನೇ ಕಳಿಸಬೇಡಿ. ಹೊಸದಾಗಿ ಬರೆಯಿರಿ, ಶಿಫಾರಸು ಬದಲಾಯಿಸಲು ಅವಕಾಶ ಇದೆ, ಬದಲಾಯಿಸಿ. ನಿಮ್ಮ ಪ್ರಿಸೆಪ್ಟರ್‌ಗೆ ಆ ಊರಿನಲ್ಲಿ ಯಾರಾದರೂ ಗೊತ್ತಿದ್ದರೆ ಒಂದು ಫೋನ್ ಮಾಡಲು ಕೇಳಿ. ಎರಡನೇ ಹಂತದ ಫಲಿತಾಂಶ ಏಪ್ರಿಲ್‌ನಲ್ಲಿ ಬರುತ್ತದೆ. ಅದರಲ್ಲೂ ಉಳಿದ ಸೀಟಿಗೆ ಆಸ್ಪತ್ರೆಗಳೇ ನೇರವಾಗಿ ಜನ ತಗೊಳ್ಳುತ್ತವೆ. ಅಲ್ಲೂ ಆಗದಿದ್ದರೆ ಯಾವುದಾದರೂ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಕೆಲಸ ಹಿಡಿದು ಮುಂದಿನ ವರ್ಷ ಮತ್ತೆ ಹಾಕಿ. ಒಂದು ವರ್ಷ ಕೆಲಸ ಮಾಡಿ ಬಂದವರ ಅರ್ಜಿಯನ್ನು ನಾವು ಕಡಿಮೆಯಾಗಿ ನೋಡುವುದಿಲ್ಲ.

ಸಿಕ್ಕಿದರೆ ತಕ್ಷಣ ನ್ಯಾಪ್ಲೆಕ್ಸ್ ದಿನಾಂಕ ನೋಡಿ. ರೆಸಿಡೆನ್ಸಿ ಶುರುವಾದ 120 ದಿನದೊಳಗೆ ಲೈಸೆನ್ಸ್ ಕೈಯಲ್ಲಿರಬೇಕು, ಬೇರೆ ರಾಜ್ಯಕ್ಕೆ ಹೋಗುತ್ತಿದ್ದರೆ ಆ ರಾಜ್ಯದ ಕಾಗದಪತ್ರಕ್ಕೇ ವಾರಗಟ್ಟಲೆ ಹಿಡಿಯುತ್ತದೆ, ಜೂನ್ ತನಕ ಕಾಯಬೇಡಿ. ಆದರೆ ಅದಕ್ಕೂ ಮೊದಲು ಮಾಡಬೇಕಾದ ಮೂರು ಫೋನ್ ಇವೆ. ನಿಮಗೆ ಪತ್ರ ಬರೆದ ಮೂವರಿಗೆ. ನನ್ನ ಪ್ರಿಸೆಪ್ಟರ್‌ಗೆ ನಾನು ಫೋನ್ ಮಾಡಿದಾಗ ಅವರು ರೌಂಡ್ಸ್‌ನಲ್ಲಿದ್ದರು. ವಿಷಯ ಕೇಳಿ ಅಲ್ಲಿದ್ದವರಿಗೆಲ್ಲಾ ಜೋರಾಗಿ ಹೇಳಿದರು, ಫೋನಿನಲ್ಲೇ ಚಪ್ಪಾಳೆ ಕೇಳಿಸಿತು.